ಫೆಬ್ರವರಿಯ ಸಕುರಾ: ಕವಾಜುಗೆ ಒಂದು ದಿನದ ಕಾರು ಪ್ರಯಾಣ

ಜಪಾನಿನ ಇಜು ಪರ್ಯಾಯ ದ್ವೀಪದ ಪೂರ್ವ ಕರಾವಳಿಯಲ್ಲಿರುವ ಕವಾಜು ಎಂಬ ಊರಿಗೆ ನಾನೂ ನನ್ನ ಪತ್ನಿಯೂ ಎರಡು ಸಲ ಹೋಗಿದ್ದೇವೆ. ಮೊದಲ ಸಲ ಸಕುರಾ, ಅಂದರೆ ಚೆರಿ ಹೂ, ನೋಡಲು ಹೋದೆವು ಎನ್ನುವುದಕ್ಕಿಂತ ಕಾರುಗಳ ಸಾಲು ನೋಡಲು ಹೋದೆವು ಎನ್ನುವುದೇ ಸರಿ. ಫೆಬ್ರವರಿ ಎರಡನೆಯ ವಾರದ ಭಾನುವಾರ, ಅಲ್ಲಿನ ಹೂವಿನ ಹಬ್ಬ ಶುರುವಾಗಿದೆ ಎಂಬ ಒಂದೇ ಧೈರ್ಯದ ಮೇಲೆ, ಯೊಕೊಹಾಮಾದಿಂದ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಅತಾಮಿ ದಾಟಿದ ಮೇಲೆ ಕರಾವಳಿಯ 135ನೇ ರಾಷ್ಟ್ರೀಯ ಹೆದ್ದಾರಿ ನಿಂತ ನೀರಾಯಿತು. ಕವಾಜು ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ವಾಹನ ನಿಲ್ಲಿಸಲು ಜಾಗ ಹುಡುಕುವುದರಲ್ಲಿ ಮತ್ತೆ ಮುಕ್ಕಾಲು ಗಂಟೆ ಕಳೆಯಿತು. ಕೊನೆಗೂ ನದಿಯ ದಂಡೆಗೆ ಬಂದು ತಲೆಯೆತ್ತಿ ನೋಡಿದರೆ ಹತ್ತರಲ್ಲಿ ಎರಡು ಮೊಗ್ಗೂ ಬಿರಿದಿರಲಿಲ್ಲ. ಕಣಿವೆಯಾದ್ದರಿಂದ ಬಿಸಿಲು ಬೇಗನೆ ಗುಡ್ಡದ ಹಿಂದೆ ಸರಿಯಿತು. ನಾವೂ ಬಂದ ದಾರಿಯಲ್ಲೇ, ಅದೇ ಸಾಲಿನಲ್ಲಿ, ರಾತ್ರಿ ಹನ್ನೊಂದಕ್ಕೆ ಮನೆ ಸೇರಿದೆವು. ಎರಡನೆಯ ಸಲದ ಪ್ರಯಾಣವನ್ನು ಈ ಒಂದೊಂದು ತಪ್ಪನ್ನೂ ಎದುರಿಗಿಟ್ಟುಕೊಂಡು ಯೋಜಿಸಿದ್ದರಿಂದ ಅದನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲನೆಯದು ದಿನದ ಆಯ್ಕೆ. ಇಲ್ಲಿನ ತಳಿಯಾದ ಕವಾಜು ಸಕುರಾ ಫೆಬ್ರವರಿ ಮೊದಲ ಭಾಗದಿಂದ ಮಾರ್ಚ್ ಆರಂಭದವರೆಗೆ ಅರಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಾತು ಸರಿಯೇ, ಆದರೆ ಒಂದೇ ದಿನದ ರಜೆ ಹಾಕಿ ಹೋಗುವವನಿಗೆ ಅದು ಸಾಲದು. ಸಕುರಾದ ಹೂಮೊಗ್ಗು ಹಿಂದಿನ ಬೇಸಿಗೆಯಲ್ಲೇ ರೂಪುಗೊಂಡು ನಿದ್ರೆಗೆ ಜಾರುತ್ತದೆ. ಚಳಿ ಸಾಕಷ್ಟು ತಗುಲಿದ ಮೇಲೆ ಆ ನಿದ್ರೆ ಮುರಿಯುತ್ತದೆ, ಅನಂತರ ಬರುವ ಬೆಚ್ಚಗಿನ ದಿನಗಳಲ್ಲಿ ಮೊಗ್ಗು ಊದಿ ಬಿರಿಯುತ್ತದೆ. ಆದ್ದರಿಂದ ಜನವರಿಯ ಹವೆ ಹೇಗಿತ್ತು ಎಂಬುದರ ಮೇಲೆ ಹೂವಿನ ಉತ್ತುಂಗ ಒಂದೆರಡು ವಾರ ಹಿಂದೆ ಮುಂದೆ ಆಗುವುದುಂಟು. ಹಬ್ಬದ ದಿನಾಂಕವನ್ನು ಮನುಷ್ಯರು ತಿಂಗಳುಗಳ ಮೊದಲೇ ನಿಗದಿ ಮಾಡಿರುತ್ತಾರೆ, ಮರ ಅದನ್ನು ಓದಿರುವುದಿಲ್ಲ. ಅಲ್ಲಿನವರು ಹೂವಿನ ಸ್ಥಿತಿಯನ್ನು ಹತ್ತರ ಅಳತೆಯಲ್ಲಿ ಹೇಳುತ್ತಾರೆ: ‘ಸಾನ್‌ಬುಜಾಕಿ’ ಎಂದರೆ ಹತ್ತರಲ್ಲಿ ಮೂರು ಪಾಲು ಅರಳಿದೆ, ‘ಗೊಬುಜಾಕಿ’ ಎಂದರೆ ಅರ್ಧ ಅರಳಿದೆ. ಎಂಟು ಪಾಲು ದಾಟಿದರೆ ‘ಮಾಂಕಾಯ್’, ಅಂದರೆ ತುಂಬು ಹೂ. ಎರಡನೆಯ ವರ್ಷ ನಾನು ದಿನ ಗೊತ್ತುಮಾಡಿಕೊಳ್ಳದೆ, ಫೆಬ್ರವರಿ ಮೊದಲಿನಿಂದ ಊರಿನವರು ಪ್ರಕಟಿಸುವ ಈ ವರದಿಯನ್ನು ದಿನವೂ ನೋಡುತ್ತಾ, ಐದು ಪಾಲು ದಾಟಿದ ಕೂಡಲೇ ಮುಂದಿನ ಮಂಗಳವಾರಕ್ಕೆ ರಜೆ ಕೇಳಿದೆ. ಈ ತಳಿಯ ಮೊಗ್ಗುಗಳು ಒಮ್ಮೆಲೇ ಬಿರಿಯದೆ ಸರದಿಯಂತೆ ಅರಳುವುದರಿಂದ ನಾಲ್ಕೈದು ದಿನಗಳ ಈ ಅವಕಾಶ ಸಿಗುತ್ತದೆ. ಜಪಾನಿನಲ್ಲಿ ಎಲ್ಲೆಡೆ ಕಾಣುವ, ಒಂದೇ ವಾರದಲ್ಲಿ ಮುಗಿದುಹೋಗುವ ಸೊಮೆಯ್ ಯೊಶಿನೊ ಸಕುರಾಕ್ಕೆ ಇಷ್ಟು ಸಾವಧಾನ ನಡೆಯುವುದಿಲ್ಲ.

ಎರಡನೆಯದು ದಾರಿ. ಕವಾಜುಗೆ ಕಾರಿನಲ್ಲಿ ಹೋಗಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಒದಾವಾರಾದಿಂದ ಸಮುದ್ರದ ಅಂಚಿನಲ್ಲೇ ಸಾಗುವ 135ನೇ ಹೆದ್ದಾರಿ ಒಂದು. ತೊಮೆಯ್ ಎಕ್ಸ್‌ಪ್ರೆಸ್‌ವೇಯಲ್ಲಿ ನುಮಾಜುವರೆಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ, 414ನೇ ಹೆದ್ದಾರಿಯಲ್ಲಿ ಅಮಾಗಿ ಘಟ್ಟ ದಾಟಿ ಇಳಿಯುವುದು ಇನ್ನೊಂದು. ಕರಾವಳಿ ದಾರಿ ಹಗಲಿನಲ್ಲಿ ಕಿಕ್ಕಿರಿಯುತ್ತದೆ ಎಂದು ಬಲ್ಲವರು ಘಟ್ಟದ ದಾರಿಯನ್ನೇ ಶಿಫಾರಸು ಮಾಡುತ್ತಾರೆ. ಆದರೆ ಅದು ಫೆಬ್ರವರಿ ಎಂಬುದನ್ನು ಮರೆಯಬಾರದು. ಕೆಳಗೆ ಹೂ ಅರಳಿದ್ದರೂ ಮೇಲೆ ಚಳಿಗಾಲವೇ. ನಸುಕಿನಲ್ಲಿ ಘಟ್ಟದ ನೆರಳಿನ ತಿರುವುಗಳಲ್ಲಿ ಮಂಜು ಹೆಪ್ಪುಗಟ್ಟಿರುವ ಸಂಭವವಿದೆ, ನನ್ನ ಕಾರಿನಲ್ಲಿ ಚಳಿಗಾಲದ ಟೈರುಗಳಿಲ್ಲ. ಹೀಗಾಗಿ ಇನ್ನೂ ಯಾರೂ ಏಳದ ಹೊತ್ತಿನಲ್ಲಿ ಕರಾವಳಿಯಿಂದ ಹೋಗುವುದು, ಬಿಸಿಲೇರಿ ರಸ್ತೆ ಒಣಗಿದ ಮಧ್ಯಾಹ್ನದಲ್ಲಿ ಘಟ್ಟದಿಂದ ಮರಳುವುದು ಎಂದು ತೀರ್ಮಾನಿಸಿದೆ. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಈ ಒಂದು ಲೆಕ್ಕ.

ನಸುಕಿನ ಮೂರೂವರೆಗೆ ಹೊರಟೆವು. ಒದಾವಾರಾದವರೆಗೆ ಸಮುದ್ರಕ್ಕೆ ಅಂಟಿಕೊಂಡ ಸೆಯ್‌ಶೊ ಬೈಪಾಸಿನಲ್ಲಿ ಲಾರಿಗಳ ಹೊರತು ಯಾರೂ ಇರಲಿಲ್ಲ. ಹಿಂದಿನ ವರ್ಷ ಮೂರು ಗಂಟೆ ನುಂಗಿದ ಅತಾಮಿ–ಇತೊ ನಡುವಿನ ದಾರಿ ಅರ್ಧ ಗಂಟೆಯಲ್ಲಿ ಮುಗಿಯಿತು. ಒಂದೇ ಎಡವಟ್ಟು: ಹಿಂದಿನ ರಾತ್ರಿ ಪೆಟ್ರೋಲ್ ತುಂಬಿಸಲು ಮರೆತಿದ್ದೆ. ಸಾಲುಸಾಲಾಗಿ ಬಂಕುಗಳು ಸಿಕ್ಕರೂ ಎಲ್ಲದರ ಮುಂದೆಯೂ ಸರಪಳಿ. ಇತೊದಲ್ಲಿ ಇಪ್ಪತ್ನಾಲ್ಕು ಗಂಟೆ ತೆರೆದಿರುವ ಸ್ವಯಂಸೇವೆಯ ಬಂಕೊಂದು ಕಾಣುವವರೆಗೆ ನಾನು ಮುಳ್ಳನ್ನೇ ನೋಡುತ್ತಾ ಓಡಿಸಿದೆ, ಪತ್ನಿ ನನ್ನ ಮುಖವನ್ನು ನೋಡುತ್ತಾ ಕುಳಿತಿದ್ದಳು.

ಬಿಸಿನೀರಿನ ಬುಗ್ಗೆಗಳ ಹಬೆ ಮೇಲೇಳುವ ಅತಾಗಾವಾ ಬಳಿ ಕಾರು ನಿಲ್ಲಿಸಿದಾಗ ಆರೂ ಕಾಲು. ಹತ್ತು ನಿಮಿಷದಲ್ಲಿ, ಎದುರಿನ ಇಜು ಓಶಿಮಾ ದ್ವೀಪದ ಪಕ್ಕದಲ್ಲೇ ಸೂರ್ಯ ಮೇಲೆದ್ದ. ಆ ದ್ವೀಪವನ್ನು ನೆನಪಿಡಬೇಕು, ಏಕೆಂದರೆ ಆ ದಿನ ಅದರ ಹೆಸರು ಇನ್ನೂ ಎರಡು ಸಲ ನಮಗೆ ಎದುರಾಯಿತು.

ಏಳಕ್ಕೆ ಕವಾಜು ತಲುಪಿದಾಗ ನದಿಗೆ ಹತ್ತಿರದ ನಿಲುಗಡೆಯಲ್ಲೇ ಜಾಗ ಸಿಕ್ಕಿತು. ಆಗ ದಿನದ ಬಾಡಿಗೆ ಸಾವಿರ ಯೆನ್ ಇತ್ತು. ಸಮುದ್ರಕ್ಕೆ ಸೇರುವ ಕಡೆಯಿಂದ ಮೇಲಕ್ಕೆ, ನದಿಯ ಗುಂಟ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ 850ರಷ್ಟು ಮರಗಳಿವೆ. ನಡೆಯುವ ಮುನ್ನವೇ ಗಮನಕ್ಕೆ ಬಂದದ್ದು ಬಣ್ಣ. ಸೊಮೆಯ್ ಯೊಶಿನೊವನ್ನು ದೂರದಿಂದ ನೋಡಿದರೆ ಬಿಳಿ ಮೋಡದಂತಿರುತ್ತದೆ. ಇದು ಹಾಗಲ್ಲ, ಇದು ಖಂಡಿತವಾದ ಗುಲಾಬಿ. ಮೊಗ್ಗಿನಲ್ಲಂತೂ ಕೆಂಪಿಗೇ ಹತ್ತಿರ. ಮರಗಳ ಬುಡದಲ್ಲಿ ಸಾಸಿವೆಯ ಬಳಗದ ‘ನಾನೊಹಾನಾ’ ಹಳದಿಯಾಗಿ ಹೂಬಿಟ್ಟಿರುತ್ತದೆ. ಹಳದಿ, ಗುಲಾಬಿ, ಅದರ ಮೇಲೆ ಚಳಿಗಾಲದ ನಿಚ್ಚಳ ನೀಲಿ ಆಕಾಶ ಇವು ಒಂದರ ಪಕ್ಕ ಒಂದು ಇಷ್ಟು ಗಾಢವಾಗಿ ನಿಂತರೆ, ನಿಜ ಹೇಳಬೇಕೆಂದರೆ, ಮೊದಲ ಐದು ನಿಮಿಷ ಕಣ್ಣಿಗೆ ಸ್ವಲ್ಪ ಅತಿಯೆನಿಸುತ್ತದೆ. ಬೆಳಗಿನ ಓರೆ ಬಿಸಿಲು ದಳಗಳನ್ನು ಹಾದುಬಂದಾಗ ಆ ಅತಿರೇಕ ಮೆತ್ತಗಾಗುತ್ತದೆ, ನೆತ್ತಿಯ ಬಿಸಿಲಿನಲ್ಲಿ ಮತ್ತೆ ಮರಳುತ್ತದೆ. ಬೇಗ ಹೋಗಬೇಕೆನ್ನುವುದಕ್ಕೆ ಜನಸಂದಣಿಯಷ್ಟೇ ಬಲವಾದ ಕಾರಣ ಇದು.

ಇನ್ನೊಂದು ಕಾರಣ ಹಕ್ಕಿಗಳು. ಬೆಳ್ಗಣ್ಣಗಳು ಗುಂಪುಗುಂಪಾಗಿ ಬಂದು, ತಲೆಕೆಳಗಾಗಿ ಜೋತುಬಿದ್ದು, ಹೂವಿನೊಳಗೆ ಕೊಕ್ಕು ತೂರಿಸಿ ಮಕರಂದ ಹೀರುತ್ತಿದ್ದವು. ಅವುಗಳ ಹಿಂದೆಯೇ ಕಂದು ಕಿವಿಯ ಪಿಕಳಾರಗಳು ಗದ್ದಲ ಮಾಡುತ್ತಾ ಬಂದು ಅವನ್ನು ಓಡಿಸುತ್ತಿದ್ದವು. ಒಂದೇ ಮರದ ಕೆಳಗೆ ಅರ್ಧ ಗಂಟೆ ನಿಂತಿದ್ದೆವು. ಒಂಬತ್ತೂವರೆಗೆ ಮೊದಲ ಪ್ರವಾಸಿ ಬಸ್ಸುಗಳು ಬಂದ ಮೇಲೆ ಹಕ್ಕಿಗಳು ಮೇಲಿನ ಕೊಂಬೆಗಳಿಗೆ ಸರಿದುಬಿಟ್ಟವು.

ನದಿಯಿಂದ ಸ್ವಲ್ಪ ಒಳಗೆ, ರಸ್ತೆಯ ಪಕ್ಕದ ಮನೆಯೊಂದರ ಅಂಗಳದಲ್ಲಿ, ಈ ಎಲ್ಲ ಮರಗಳ ಮೂಲಮರವಿದೆ. 1955ರ ಫೆಬ್ರವರಿಯಲ್ಲಿ ಈ ಊರಿನ ಇಯಿದಾ ಕತ್ಸುಮಿ ಎಂಬುವರು ನದಿಯ ದಂಡೆಯ ಒಣಹುಲ್ಲಿನ ನಡುವೆ ಸುಮಾರು ಒಂದು ಮೀಟರ್ ಎತ್ತರದ ಸಸಿಯನ್ನು ಕಂಡು, ತಂದು ಮನೆಯಂಗಳದಲ್ಲಿ ನೆಟ್ಟರು. ಅದು ಮೊದಲ ಹೂ ಬಿಟ್ಟದ್ದು 1966ರಲ್ಲಿ. ಆ ಮನೆಗೆ ಊರಿನಲ್ಲಿದ್ದ ಕರೆಹೆಸರಿನಿಂದ ಅದನ್ನು ಊರವರು ಕೊಮಿನೆ ಸಕುರಾ ಎಂದು ಕರೆಯುತ್ತಿದ್ದರು; ಹೊಸ ತಳಿಯೆಂದು ಖಚಿತವಾದ ಮೇಲೆ 1974ರಲ್ಲಿ ಕವಾಜು ಸಕುರಾ ಎಂಬ ಹೆಸರು ಬಂದಿತು, ಮರುವರ್ಷ ಅದು ಊರಿನ ಅಧಿಕೃತ ಮರವಾಯಿತು. ಇದು ಎರಡು ತಳಿಗಳು ತಾವಾಗಿಯೇ ಬೆರೆತು ಹುಟ್ಟಿದ್ದು: ಒಂದು, ದಕ್ಷಿಣದ ಬೆಚ್ಚನೆಯ ನಾಡಿನ, ಒಕಿನಾವಾದಲ್ಲಿ ಜನವರಿಯಲ್ಲೇ ಅರಳುವ ಕಾನ್‌ಹಿ ಸಕುರಾ; ಇನ್ನೊಂದು, ಬೆಳಿಗ್ಗೆ ಕಂಡ ದ್ವೀಪದ ಹೆಸರನ್ನೇ ಹೊತ್ತ, ಬಿಳಿ ಹೂವಿನ ಓಶಿಮಾ ಸಕುರಾ. ಅವಸರವೂ ಕಡುಬಣ್ಣವೂ ಮೊದಲನೆಯದರ ಕೊಡುಗೆ. ದಂಡೆಯ ಮರಗಳೆಲ್ಲ ಕಸಿ ಕಟ್ಟಿ ಬೆಳೆಸಿದ ಇದೇ ಮರದ ತುಂಡುಗಳು. ಇಷ್ಟಾದರೂ ಮೂಲಮರದ ಎದುರು ನಿಲ್ಲುವವರು ಕಡಿಮೆ. ಬಂದ ಬಹುಪಾಲು ಜನ ನದಿಯನ್ನು ಬಿಟ್ಟು ಕದಲುವುದಿಲ್ಲ. ಅದು ಖಾಸಗಿ ಅಂಗಳ, ಆದ್ದರಿಂದ ರಸ್ತೆಯಲ್ಲೇ ನಿಂತು ನೋಡಬೇಕು.

ದಂಡೆಯ ಕಲ್ಲುಬೆಂಚಿನ ಮೇಲೆ ಬುತ್ತಿ ಬಿಚ್ಚಿ ಊಟ ಮುಗಿಸಿ ಹನ್ನೆರಡಕ್ಕೆ ಹೊರಟಾಗ, ಎದುರು ದಿಕ್ಕಿನಲ್ಲಿ ಊರಿಗೆ ಬರುವ ಕಾರುಗಳು, ಮಂಗಳವಾರವಾಗಿದ್ದರೂ, ಆಗಲೇ ಅಂಗುಲಂಗುಲವಾಗಿ ತೆವಳುತ್ತಿದ್ದವು. ನಾವು ಬೆಟ್ಟದ ಕಡೆ ತಿರುಗಿದೆವು. ಏಳು ಜಲಪಾತಗಳ ಕಣಿವೆಯ ಮೇಲೆ ರಸ್ತೆ ಇದ್ದಕ್ಕಿದ್ದಂತೆ ಸುರುಳಿಯಾಗುತ್ತದೆ: 80 ಮೀಟರ್ ವ್ಯಾಸದ ಸೇತುವೆಯ ಮೇಲೆ ಎರಡು ಸುತ್ತು ಸುತ್ತಿ, 45 ಮೀಟರ್ ಎತ್ತರ ಏರಬೇಕು. 1978ರ ಜನವರಿಯಲ್ಲಿ ಸಂಭವಿಸಿದ, 7.0 ಪ್ರಮಾಣದ, ಓಶಿಮಾ ಸಮೀಪದ ಸಮುದ್ರದ ಹೆಸರನ್ನೇ ಪಡೆದ ಭೂಕಂಪದಲ್ಲಿ ಇಲ್ಲಿನ ಹಳೆಯ ರಸ್ತೆ ಕುಸಿದುಹೋಯಿತು. ಗುಡ್ಡದ ಮೈಯನ್ನು ಮತ್ತೆ ನಂಬದೆ 1981ರಲ್ಲಿ ಈ ಸೇತುವೆಯನ್ನು ತೆರೆದರು. ಓಡಿಸುವವನಿಗೆ ಇಲ್ಲಿ ನೋಡಲು ಬಿಡುವಿರುವುದಿಲ್ಲ. ಚಕ್ರವನ್ನು ಒಂದೇ ಕೋನದಲ್ಲಿ ಹಿಡಿದು, ವೇಗ ಬದಲಿಸದೆ ಏರಿದರೆ ಪಕ್ಕದಲ್ಲಿ ಕುಳಿತವರಿಗೆ ತಲೆ ತಿರುಗುವುದಿಲ್ಲ.

ಘಟ್ಟದ ನೆತ್ತಿಯಲ್ಲಿ 1970ರ ಹೊಸ ಸುರಂಗವನ್ನೇ ಹಿಡಿದೆವು. 1905ರಲ್ಲಿ ಕಲ್ಲು ಕಡೆದು ಕಟ್ಟಿದ ಹಳೆಯ ಸುರಂಗಕ್ಕೆ ಮಣ್ಣಿನ ಕಿರುದಾರಿಯಲ್ಲಿ ಹೋಗಬೇಕು, ನೆರಳಿನ ಕಡೆ ಇನ್ನೂ ಬಿಳಿಯ ಪೊರೆ ಕಾಣುತ್ತಿದ್ದುದರಿಂದ ಆ ಸಾಹಸಕ್ಕೆ ಕೈಹಾಕಲಿಲ್ಲ. ಮಧ್ಯಾಹ್ನದ ಒಂದು ಗಂಟೆಗೇ ಹೀಗಿದ್ದರೆ ನಸುಕಿನ ಐದಕ್ಕೆ ಹೇಗಿರುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಆಚೆ ಬದಿಯ ಯುಗಾಶಿಮಾದಲ್ಲಿ ಒರತೆ ನೀರಿನಲ್ಲಿ ಬೆಳೆದ ವಸಾಬಿಯ ಎರಡು ಗೆಡ್ಡೆ ಕೊಂಡು, ನುಮಾಜುವಿನಲ್ಲಿ ತೊಮೆಯ್ ಸೇರಿದೆವು. ಸಂಜೆಯಾದರೆ ಯಾಮಾತೊ ಸುರಂಗದ ಆಸುಪಾಸಿನ ಏರಿನಲ್ಲಿ ವಾಹನಗಳು ತಿಳಿಯದೆಯೇ ನಿಧಾನವಾಗಿ, ಹಿಂದೆ ಉದ್ದನೆಯ ಸಾಲು ಕಟ್ಟುತ್ತವೆ. ನಾವು ಅದನ್ನು ಮೂರೂ ಮುಕ್ಕಾಲಕ್ಕೇ ದಾಟಿ, ನಾಲ್ಕೂ ಕಾಲಕ್ಕೆ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಮಾಪಕ 291 ಕಿಲೋಮೀಟರ್ ತೋರಿಸುತ್ತಿತ್ತು.