ಮಧ್ಯಾಹ್ನ ಕುಗ್ಗಿದ ಗಿಡಗಳು

ಗ್ರಾಫ್ ಹಾಳೆಯ ಮೇಲೆ ಎಲೆ ಇಟ್ಟು, ಸುತ್ತ ಪೆನ್ಸಿಲ್ ಎಳೆದು, ಒಳಗಿನ ಚೌಕ ಎಣಿಸಿದವರಿಗೆ ನನ್ನ ಪಾಡು ಗೊತ್ತಿರುತ್ತದೆ. ಎಣಿಸಬೇಕಾದರೆ ಎಲೆ ಕೀಳಬೇಕು. ಕಿತ್ತರೆ ಆ ಗಿಡದ ಕಥೆ ಅಲ್ಲಿಗೇ ಮುಗಿಯಿತು. ನನಗೆ ಬೇಕಿದ್ದದ್ದು ಒಂದೇ ಗಿಡ ದಿನದಿನಕ್ಕೂ ಎಷ್ಟು ಬೆಳೆಯಿತು ಎಂಬ ಲೆಕ್ಕ. 48 ಕುಂಡಗಳಲ್ಲಿ ಸೋಯಾ ಅವರೆ ಹಾಕಿದ್ದೆ. ಅರ್ಧದಷ್ಟಕ್ಕೆ ಸಾಕಷ್ಟು ನೀರು, ಉಳಿದರ್ಧಕ್ಕೆ ಕಡಿಮೆ. ಮೇಲಿನಿಂದ ಫೋಟೋ ತೆಗೆದು ಎಣಿಸುವ ಕೆಲಸ ಕಂಪ್ಯೂಟರಿಗೆ ಬಿಟ್ಟರಾಯಿತು, ಸುಲಭ ಅಲ್ವಾ ಅಂದುಕೊಂಡೆ.

ಮೊದಲು ಕೈಗೆತ್ತಿಕೊಂಡದ್ದು ಇಮೇಜ್‌ಜೆ. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಹೊರತಂದ, ಫೋಟೋದಲ್ಲಿರುವುದನ್ನು ಅಳೆಯುವ ಉಚಿತ ಸಾಫ್ಟ್‌ವೇರ್ ಇದು. ಹತ್ತು ಫೋಟೋಗೆ ಚೆನ್ನಾಗಿತ್ತು. ದಿನಕ್ಕೆ 48 ಫೋಟೋ ಎಂದಾಗ ಮೌಸ್ ಹಿಡಿದ ಕೈ ನೋಯತೊಡಗಿತು. ಆಮೇಲೆ ಪ್ಲಾಂಟ್‌ಸಿವಿಗೆ ಬಂದೆ. ಸೇಂಟ್ ಲೂಯಿಸ್‌ನ ಡ್ಯಾನ್‌ಫೋರ್ತ್ ಸಸ್ಯವಿಜ್ಞಾನ ಕೇಂದ್ರದವರು ಶುರು ಮಾಡಿದ್ದು, ಇದೂ ಉಚಿತ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹತ್ತಿಪ್ಪತ್ತು ಸಾಲು ಬರೆದಿಟ್ಟರೆ ಫೋಲ್ಡರಿನಲ್ಲಿರುವ ಫೋಟೋಗಳನ್ನೆಲ್ಲ ಅದೇ ನೋಡಿಕೊಳ್ಳುತ್ತದೆ.

ಒಳಗೆ ನಡೆಯುವುದು ಇಷ್ಟೇ: ಪ್ರತಿ ಪಿಕ್ಸೆಲ್ ಗಿಡವೋ ಅಲ್ಲವೋ ಎಂದು ತೀರ್ಮಾನಿಸುವುದು. ಫೋಟೋವನ್ನು ಎಲ್-ಎ-ಬಿ ಎಂಬ ಬಣ್ಣದ ಪದ್ಧತಿಗೆ ಬದಲಿಸಿದರೆ, 'ಎ' ಪದರದಲ್ಲಿ ಹಸಿರು ಒಂದು ಕಡೆ, ಕೆನ್ನೇರಳೆ ಇನ್ನೊಂದು ಕಡೆ ಸರಿಯುತ್ತದೆ. ನಡುವೆ ಒಂದು ಗೆರೆ ಹಾಕಬೇಕು. ಅದೇ ಥ್ರೆಶೋಲ್ಡ್. ಗೆರೆ ಎಲ್ಲಿ ಹಾಕಬೇಕೆಂದು ತಾನೇ ಕಂಡುಕೊಳ್ಳುವ ಓಟ್ಸು ವಿಧಾನ 1979ರಿಂದ ಇದೆ, ಇವತ್ತಿಗೂ ಎಲ್ಲರೂ ಬಳಸುತ್ತಾರೆ. ನಾನೂ ಅದನ್ನೇ ಹಚ್ಚಿದೆ. ಬೀಜ ಮೊಳೆಯದ ಎರಡು ಕುಂಡಗಳಲ್ಲೂ ಭರ್ಜರಿ ಗಿಡ ಇದೆ ಎಂದು ಉತ್ತರ ಬಂತು! ಓಟ್ಸುವಿಗೆ ಏನೇ ಕೊಟ್ಟರೂ ಎರಡು ಪಾಲು ಮಾಡಿಯೇ ತೀರುತ್ತದೆ. ಗಿಡ ಇಲ್ಲದಿದ್ದರೆ ಒಣ ಮಣ್ಣನ್ನೂ ಹಸಿ ಮಣ್ಣನ್ನೂ ಬೇರೆ ಮಾಡಿ ಕೊಡುತ್ತದೆ. ಗೆರೆಯನ್ನು ನಾನೇ ಗೊತ್ತು ಮಾಡಿ ಎಲ್ಲ ಫೋಟೋಗೂ ಅದನ್ನೇ ಇಟ್ಟೆ.

ಅದಾದ ಮೇಲೆ ಪಾಚಿ. ಚೆನ್ನಾಗಿ ನೀರು ಕುಡಿದ ಕುಂಡಗಳ ಮಣ್ಣಿನ ಮೇಲೆ ತೆಳ್ಳಗೆ ಹಸಿರು ಕಟ್ಟಿತ್ತು. ಸಾಫ್ಟ್‌ವೇರಿಗೆ ಹಸಿರೆಲ್ಲ ಗಿಡವೇ. ನೀರು ಜಾಸ್ತಿ ಇರುವಲ್ಲೇ ಪಾಚಿಯೂ ಜಾಸ್ತಿ, ಹಾಗಾಗಿ ನಾನು ಹುಡುಕುತ್ತಿದ್ದ ವ್ಯತ್ಯಾಸವನ್ನು ಪಾಚಿಯೇ ಹಿಗ್ಗಿಸಿ ತೋರಿಸುತ್ತಿತ್ತು. ಫಲಿತಾಂಶ ನೋಡಿ ಎರಡು ದಿನ ಖುಷಿಯಾಗಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಮಣ್ಣಿನ ಮೇಲೆ ನೀಲಿ ಬಟ್ಟೆ ಕತ್ತರಿಸಿ ಹಾಸಿದೆ, ತೊಂದರೆ ತಪ್ಪಿತು. ನೀಲಿಗೂ ಎಲೆಗೂ ಗೊಂದಲವೇ ಇಲ್ಲ.

ಕ್ಯಾಮೆರಾ ತಾನಾಗಿಯೇ ಬಣ್ಣ, ಬೆಳಕು ಹೊಂದಿಸಿಕೊಳ್ಳುವ ಆಟೋ ವೈಟ್ ಬ್ಯಾಲೆನ್ಸ್ ಮತ್ತು ಆಟೋ ಎಕ್ಸ್‌ಪೋಶರ್ ಮೊದಲ ದಿನವೇ ಆಫ್ ಮಾಡಿ, ಇಲ್ಲದಿದ್ದರೆ ಒಂದೇ ಗೆರೆ ಎಲ್ಲ ಫೋಟೋಗೂ ಹೊಂದುವುದಿಲ್ಲ. ನಾನು ಒಂದು ವಾರ ತಡಮಾಡಿದೆ, ಆ ವಾರದ ಫೋಟೋಗಳು ಹೋದವು. ಹಳದಿಗೆ ತಿರುಗಿದ ಕೆಳಗಿನ ಎಲೆಗಳು 'ಎ' ಪದರದಲ್ಲಿ ಕಳೆದುಹೋಗುತ್ತವೆ. 'ಬಿ' ಪದರದಲ್ಲಿ, ಅಂದರೆ ನೀಲಿ-ಹಳದಿ ಪದರದಲ್ಲಿ, ಸಿಗುತ್ತವೆ. ಎರಡರಿಂದಲೂ ಮಾಸ್ಕ್, ಅಂದರೆ ಗಿಡದ ಪಿಕ್ಸೆಲ್ ಮಾತ್ರ ಉಳಿಸಿಕೊಂಡ ಚಿತ್ರ, ತೆಗೆದು ಸೇರಿಸಿಕೊಂಡೆ.

ಇಷ್ಟೆಲ್ಲ ಸರಿಮಾಡಿ ಗ್ರಾಫ್ ಎಳೆದರೆ, ನೀರು ಕಡಿಮೆ ಕೊಟ್ಟ ಗಿಡಗಳು ಒಂದೊಂದು ದಿನ ಹಿಂದಿನ ದಿನಕ್ಕಿಂತ ಚಿಕ್ಕದಾಗಿದ್ದವು. ಮರುದಿನ ಮತ್ತೆ ದೊಡ್ಡವು. ಎಲೆ ಉದುರಿರಲಿಲ್ಲ. ಕೋಡ್ ಹುಡುಕಿದೆ, ಲೆನ್ಸ್ ಒರೆಸಿದೆ. ಕೊನೆಗೆ ಫೋಟೋ ತೆಗೆದ ಸಮಯ ನೋಡಿದೆ. ಚಿಕ್ಕದಾಗಿ ಕಂಡ ದಿನಗಳಲ್ಲೆಲ್ಲ ನಾನು ಮಧ್ಯಾಹ್ನ ಫೋಟೋ ತೆಗೆದಿದ್ದೆ, ಉಳಿದ ದಿನ ಬೆಳಿಗ್ಗೆ. ಸೋಯಾ ಅವರೆಯ ಎಲೆಬುಡದಲ್ಲಿ ಒಂದು ಉಬ್ಬಿದ ಗಂಟು ಇರುತ್ತದೆ, ಎಲೆಯನ್ನು ತಿರುಗಿಸುವುದು ಅದೇ. ನೀರಿನ ಕೊರತೆಯಾದಾಗ ಬಿಸಿಲು ತಪ್ಪಿಸಿಕೊಳ್ಳಲು ಎಲೆ ಓರೆಯಾಗಿ ನಿಲ್ಲುತ್ತದೆ. ರಾತ್ರಿಯಂತೂ ಜೋತುಬೀಳುತ್ತದೆ. ಎಲೆ ಅಷ್ಟೇ ಇದೆ, ಮೇಲಿನಿಂದ ಕಾಣುವ ಭಾಗ ಮಾತ್ರ ಕಡಿಮೆ. ಗಿಡ ನೋಡುತ್ತಾ ಬೆಳೆದ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಮೂರು ವಾರ ಪರದೆಯನ್ನೇ ನೋಡುತ್ತಿದ್ದೆ.

ಪರೀಕ್ಷಿಸಿಯೇ ನೋಡೋಣ ಎಂದು ಎರಡೂ ಗುಂಪಿನಿಂದ ನಾಲ್ಕು ನಾಲ್ಕು ಗಿಡ ಬಲಿ ಕೊಟ್ಟೆ. ಎಲೆಗಳನ್ನೆಲ್ಲ ಕಿತ್ತು, ಸ್ಕ್ಯಾನರಿನ ಗಾಜಿನ ಮೇಲೆ ಚಪ್ಪಟೆಯಾಗಿ ಹರಡಿ, ಇಮೇಜ್‌ಜೆಯಲ್ಲಿ ಅಳೆದೆ. ಸಸಿ ಚಿಕ್ಕದಿದ್ದಾಗ ಕ್ಯಾಮೆರಾದ ಲೆಕ್ಕವೂ ಸ್ಕ್ಯಾನರಿನ ಲೆಕ್ಕವೂ ಹತ್ತಿರ ಹತ್ತಿರ. ದೊಡ್ಡದಾದಂತೆ ಎಲೆಯ ಮೇಲೆ ಎಲೆ ಬಿದ್ದು, ಕ್ಯಾಮೆರಾದ ಲೆಕ್ಕ ಹಿಂದೆ ಬೀಳುತ್ತಿತ್ತು. ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಅಳತೆಗೆಂದು ಚೌಕದ ಕಾರ್ಡನ್ನು ಕುಂಡದ ಅಂಚಿಗೆ ಇಟ್ಟಿದ್ದೆ, ಕ್ಯಾಮೆರಾದಿಂದ ಅಲ್ಲಿಗೆ 1 ಮೀಟರ್. 20 ಸೆಂಟಿಮೀಟರ್ ಎತ್ತರಕ್ಕೆ ಬೆಳೆದ ಗಿಡದ ತುದಿ ಎಲೆ ಕ್ಯಾಮೆರಾಗೆ 80 ಸೆಂಟಿಮೀಟರಿನಲ್ಲಿರುತ್ತದೆ. ಆ ಎಲೆ ಅಗಲದಲ್ಲೂ ಉದ್ದದಲ್ಲೂ 1.25 ಪಟ್ಟು ಕಾಣುತ್ತದೆ. ವಿಸ್ತೀರ್ಣ ಎಂದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ! ಕ್ಯಾಮೆರಾ ಎತ್ತರಿಸಿದಷ್ಟೂ ಈ ತಪ್ಪು ಕಡಿಮೆಯಾಗುತ್ತದೆ, ಹಾಗಾಗಿ ಸ್ಟ್ಯಾಂಡ್ 2 ಮೀಟರಿಗೆ ಏರಿಸಿದೆ.

ಈಗ ಫೋಟೋ ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ, ಪಕ್ಕದಿಂದಲೂ ಎರಡು. ಗಿಡದ ಎತ್ತರ ಅದರಿಂದ ಸಿಗುತ್ತದೆ. ಫೋಲ್ಡರಿಗೆ ಐದು ಮಾಸ್ಕ್ ಆರಿಸಿ ಕಣ್ಣಾರೆ ನೋಡದೆ ಯಾವ ಅಂಕಿಯನ್ನೂ ಮುಂದೆ ಕಳಿಸುವುದಿಲ್ಲ. ಮೊನ್ನೆ ಒಂದು ಮಾಸ್ಕಿನಲ್ಲಿ ಗಿಡದ ಪಕ್ಕ ನನ್ನ ಹಸಿರು ಕೈಗವಸೂ ಎಣಿಕೆಯಾಗಿತ್ತು. ಕೋಷ್ಟಕದಲ್ಲಿ 'ಎಲೆ ವಿಸ್ತೀರ್ಣ' ಎಂದಿದ್ದ ತಲೆಬರಹ ಅಳಿಸಿ 'ಮೇಲಿನಿಂದ ಕಂಡ ವಿಸ್ತೀರ್ಣ' ಎಂದು ಬರೆದಿದ್ದೇನೆ. ಮಧ್ಯಾಹ್ನದ ಫೋಟೋಗಳನ್ನು ಬಿಸಾಡಿಲ್ಲ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಇರುವ ಆ ವ್ಯತ್ಯಾಸ, ಯಾವ ಗಿಡಕ್ಕೆ ಬಾಯಾರಿದೆ ಎಂಬುದನ್ನು ಬೆಳವಣಿಗೆಯ ಗ್ರಾಫ್‌ಗಿಂತ ಮೊದಲೇ ಹೇಳುವ ಹಾಗೆ ಕಾಣುತ್ತಿದೆ. ಮುಂದಿನ ಬಿತ್ತನೆಗೆ ಅದನ್ನೇ ಅಳೆಯುತ್ತೇನೆ.