ಕಾಂಗೋ ರೆಡ್ ಪ್ಲೇಟಿನಲ್ಲಿ ಸಾಲ್ಮೊನೆಲ್ಲಾ: ಉಪ್ಪು, ಉಷ್ಣತೆ, ಕಾಯುವಿಕೆ

ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಎಂಬ ಬ್ಯಾಕ್ಟೀರಿಯಾದ ಒಂದೇ ತಳಿ, ಕಾಂಗೋ ರೆಡ್ ಬಣ್ಣ ಬೆರೆಸಿದ ಅಗರ್ ಪ್ಲೇಟಿನಲ್ಲಿ, 28 ಡಿಗ್ರಿಯಲ್ಲಿ ಕೆಂಪಾಗಿ, ಒಣಗಿ ಸುಕ್ಕುಗಟ್ಟಿದ ಕಾಲೊನಿ ಕೊಡುತ್ತದೆ. 37 ಡಿಗ್ರಿಯಲ್ಲಿ ನುಣುಪಾದ, ಬಿಳಿಚಿದ ಕಾಲೊನಿ. ಮೊದಲನೆಯದರಲ್ಲಿ ಕೋಶದ ಹೊರಗೆ ಕರ್ಲಿ ಎಂಬ ಪ್ರೋಟೀನ್ ಎಳೆಗಳೂ ಸೆಲ್ಯುಲೋಸೂ ಇವೆ, ಎರಡನೆಯದರಲ್ಲಿ ಎರಡೂ ಇಲ್ಲ.

ನಾನು ಪ್ಲೇಟ್ ಮಾಡುವುದು ಹೀಗೆ. ಒಂದು ಲೀಟರಿಗೆ ಟ್ರಿಪ್ಟೋನ್ 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 5 ಗ್ರಾಂ, ಅಗರ್ 15 ಗ್ರಾಂ. ಉಪ್ಪು ಬೇಡವೇ ಬೇಡ, ಅದು ಕರ್ಲಿ ಮೂಡುವುದನ್ನು ತಗ್ಗಿಸುತ್ತದೆ. ಸಿದ್ಧ ಎಲ್‌ಬಿ (ಬ್ಯಾಕ್ಟೀರಿಯಾ ಬೆಳೆಸುವ ಸಾಮಾನ್ಯ ಮಾಧ್ಯಮ) ಪುಡಿಯಲ್ಲಿ ಸಾಮಾನ್ಯವಾಗಿ 5 ಅಥವಾ 10 ಗ್ರಾಂ ಉಪ್ಪು ಸೇರಿರುತ್ತದೆ. ಅದನ್ನು ಬಳಸಿ "ನಮ್ಮ ತಳಿಯಲ್ಲಿ ಕರ್ಲಿ ಇಲ್ಲ" ಎಂದು ಬರೆದಿಡುವವರು ಕಡಿಮೆಯಿಲ್ಲ. 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ, 50–55 ಡಿಗ್ರಿಗೆ ಇಳಿದ ಮೇಲೆ ಕಾಂಗೋ ರೆಡ್ 40 ಮಿಲಿಗ್ರಾಂ, ಕೂಮಾಸಿ ಬ್ರಿಲಿಯಂಟ್ ಬ್ಲೂ 20 ಮಿಲಿಗ್ರಾಂ ಬೆರೆಸುತ್ತೇನೆ. ಮಿಲಿಲೀಟರಿಗೆ 10 ಮಿಲಿಗ್ರಾಂನ ದ್ರಾವಣವಿದ್ದರೆ 4 ಮತ್ತು 2 ಮಿಲಿಲೀಟರ್. ಕಾಂಗೋ ರೆಡ್ ಬೆಂಜಿಡೀನ್ ಮೂಲದ ಬಣ್ಣ, ಕೈಗವಸಿಲ್ಲದೆ ಪುಡಿ ತೂಗಬೇಡಿ.

ರಾತ್ರಿಯಿಡೀ ಬೆಳೆದ ಕಲ್ಚರಿನಿಂದ 5 ಮೈಕ್ರೋಲೀಟರ್ ಹನಿ, ಪ್ಲೇಟಿಗೆ ನಾಲ್ಕೇ. ಒತ್ತೊತ್ತಾಗಿ ಇಟ್ಟರೆ ಕಾಲೊನಿಗಳು ಆಹಾರಕ್ಕೆ ಪೈಪೋಟಿಗೆ ಬಿದ್ದು ಸುಕ್ಕು ಸರಿಯಾಗಿ ಮೂಡುವುದಿಲ್ಲ. ಅಗರ್ ಮೇಲೆ ತೇವ ನಿಂತಿದ್ದರೆ ಹನಿ ಹರಡಿಹೋಗುತ್ತದೆ.

24 ಗಂಟೆಗೆ ತೀರ್ಪು ಕೊಡಬಾರದು. ಕರ್ಲಿ, ಸೆಲ್ಯುಲೋಸ್ ಎರಡಕ್ಕೂ ಚಾಲನೆ ಕೊಡುವ ಸಿಎಸ್‌ಜಿಡಿ ಪ್ರೋಟೀನ್ ಹೆಚ್ಚುವುದು ಬೆಳವಣಿಗೆ ನಿಧಾನವಾದ ಮೇಲೆ, ಅದೂ ಆರ್‌ಪಿಒಎಸ್ ಎಂಬ ನಿಯಂತ್ರಕ ಪ್ರೋಟೀನಿನ ನೆರವಿನಿಂದ. 48 ಗಂಟೆಗೆ ಬಣ್ಣ, 72ರಿಂದ 96ರೊಳಗೆ ಸುಕ್ಕು. ಆರ್‌ಪಿಒಎಸ್ ಕುಂದಿರುವ ಎಲ್‌ಟಿ2 ತಳಿಯನ್ನು ಪಾಸಿಟಿವ್ ಕಂಟ್ರೋಲ್ ಮಾಡಿಕೊಂಡರೆ ಕಾದದ್ದೇ ಬಂತು. ಕಂದು ಕಾಲೊನಿ ಎಂದರೆ ಕರ್ಲಿ ಮಾತ್ರ, ಗುಲಾಬಿ ಎಂದರೆ ಸೆಲ್ಯುಲೋಸ್ ಮಾತ್ರ. ಅನುಮಾನ ಬಂದರೆ ಕ್ಯಾಲ್ಕೋಫ್ಲೂರ್ (ಸೆಲ್ಯುಲೋಸಿಗೆ ಅಂಟುವ ಬಣ್ಣ) ಬೆರೆಸಿದ ಪ್ಲೇಟಿನಲ್ಲಿ ಬೆಳೆಸಿ 366 ನ್ಯಾನೋಮೀಟರ್ ಅತಿನೇರಳೆ ದೀಪದಡಿ ನೋಡುತ್ತೇನೆ. ಸೆಲ್ಯುಲೋಸ್ ಇದ್ದರೆ ಹೊಳೆಯುತ್ತದೆ.

37 ಡಿಗ್ರಿಯ ಜೋಡಿ ಪ್ಲೇಟನ್ನು ಎಂದೂ ಬಿಡುವುದಿಲ್ಲ. ಅಲ್ಲೂ ಕೆಂಪು ಸುಕ್ಕು ಕಂಡರೆ ಸಿಎಸ್‌ಜಿಡಿ ಜೀನಿನ ಪ್ರಮೋಟರಿನಲ್ಲೇ (ಜೀನನ್ನು ಚಾಲೂ ಮಾಡುವ ಭಾಗ) ಮ್ಯುಟೇಶನ್ ಆಗಿರಬಹುದು.

ಲಿಸ್ಟೀರಿಯಾ ಮೊನೊಸೈಟೋಜೀನಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ಉಷ್ಣತೆಯ ಇದೇ ಪಾಠ ಫ್ಲಾಜೆಲ್ಲಾದ್ದು, ಅಂದರೆ ಈಜಲು ಬಳಸುವ ಬಾಲದಂಥ ಎಳೆಗಳದ್ದು. 37 ಡಿಗ್ರಿಯಲ್ಲಿ ಮಾಗ್‌ಆರ್ ಎಂಬ ಪ್ರೋಟೀನ್ ಫ್ಲಾಜೆಲ್ಲಾದ ಜೀನ್‌ಗಳನ್ನು ಅದುಮಿಡುತ್ತದೆ. 0.3 ಶೇಕಡಾ ಅಗರ್ ಕೊಳವೆಯಲ್ಲಿ 25 ಡಿಗ್ರಿಗೆ ಕೊಡೆಯಂತೆ ಹರಡುವ ಬೆಳವಣಿಗೆ 37ರಲ್ಲಿ ಚುಚ್ಚಿದ ಗೆರೆ ಬಿಟ್ಟು ಕದಲುವುದಿಲ್ಲ. ಫ್ಲಾಜೆಲ್ಲಾ ಆಂಟಿಸೀರಮ್ (ಫ್ಲಾಜೆಲ್ಲಾವನ್ನು ಗುರುತಿಸುವ ಪ್ರತಿಕಾಯಗಳಿರುವ ದ್ರವ) ಪರೀಕ್ಷೆಗೂ 25ರಲ್ಲೇ ಬೆಳೆಸಿ, ಕೋಶಗಳನ್ನು ಮೆಲ್ಲಗೆ ಕಲಕಿ. ಪಿಪೆಟ್ಟಿನಲ್ಲಿ ರಭಸವಾಗಿ ಎಳೆದು ಬಿಟ್ಟರೆ ಫ್ಲಾಜೆಲ್ಲಾ ಮುರಿದುಹೋಗುತ್ತವೆ.