ಒಂದೇ ಲಾಟ್, ಇಬ್ಬರ ಸೇವ್ ಬಟನ್

ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ನ ವೆಬ್ ಆ್ಯಪ್ ನಾನು ನೋಡಿಕೊಳ್ಳುತ್ತೇನೆ. ರೈತರ ಒಣದ್ರಾಕ್ಷಿ ಲಾಟ್ ಲೆಕ್ಕದಲ್ಲಿ ಒಳಗೆ ಬರುತ್ತದೆ, ಮಾರಾಟವಾದಂತೆ ಬಾಕ್ಸ್ ಲೆಕ್ಕದಲ್ಲಿ ಹೊರಗೆ ಹೋಗುತ್ತದೆ. ತಕರಾರು ಹುಟ್ಟುವುದು ಒಂದೇ ಲಾಟನ್ನು ಇಬ್ಬರು ತೆರೆದಾಗ. ಗೇಟಿನವರು 200 ಬಾಕ್ಸ್‌ನಲ್ಲಿ 40 ಲಾರಿಗೆ ಹಾಕಿ, 160 ಎಂದು ಸೇವ್ ಮಾಡುತ್ತಾರೆ. ಅದಕ್ಕೂ ಮೊದಲೇ ಫಾರ್ಮ್ ತೆರೆದಿಟ್ಟಿದ್ದ ಆಫೀಸಿನವರು ಗ್ರೇಡ್ ಮಾತ್ರ ತಿದ್ದಿ ಸೇವ್ ಒತ್ತುತ್ತಾರೆ. ಎಲ್ಲಾ ಕಾಲಂ ಒಟ್ಟಿಗೆ ಹೋಗುವುದರಿಂದ ಬಾಕ್ಸ್ ಮತ್ತೆ 200! ಎರರ್ ಇಲ್ಲ, ಏನಿಲ್ಲ.

ಟ್ರಾನ್ಸಾಕ್ಷನ್ (ಆದರೆ ಎಲ್ಲಾ ಆಗಬೇಕು, ಇಲ್ಲದಿದ್ದರೆ ಒಂದೂ ಆಗಬಾರದು ಎಂಬ ಕೆಲಸಗಳ ಕಟ್ಟು) ಹಾಕಿದರೆ ಸಾಕು ಅನ್ನುವವರು ಜಾಸ್ತಿ. ಸಾಲುವುದಿಲ್ಲ. ಫಾರ್ಮ್ ತೆರೆಯುವುದು ಒಂದು ರಿಕ್ವೆಸ್ಟ್, ಸೇವ್ ಇನ್ನೊಂದು. ನಡುವೆ ಚಹಾ ಕುಡಿದು ಬಂದಿರಬಹುದು ಅಲ್ವಾ? ಒಂದೇ ಟ್ರಾನ್ಸಾಕ್ಷನ್ ಒಳಗೂ ಅಷ್ಟೇ. ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್ ಇನ್ನೋಡಿಬಿ ತಾನಾಗಿ ಇಟ್ಟುಕೊಳ್ಳುವ, ಮೊದಲು ಓದಿದ್ದನ್ನೇ ಕೊನೆತನಕ ತೋರಿಸುವ ಲೆವೆಲ್ ಆದ ರಿಪೀಟಬಲ್ ರೀಡ್‌ನಲ್ಲಿ ಸುಮ್ನೆ ಓದಿ, ಆಮೇಲೆ ಬರೆದರೆ ನಡುವೆ ಬೇರೆಯವರು ಬರೆದದ್ದು ಅಳಿಸಿಹೋಗುತ್ತದೆ. ಅದೇ ಲೆವೆಲ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಆದರೆ 40001 ಎರರ್ (ನಡುವೆ ಬೇರೆಯವರು ಬದಲಿಸಿದ್ದಾರೆ ಎಂದು) ಕೊಟ್ಟು ತಡೆಯುತ್ತದೆ. ನಮ್ಮದು ಮೈಎಸ್‌ಕ್ಯೂಎಲ್.

ಹಾಗಾಗಿ ಬಾಕ್ಸ್ ಸಂಖ್ಯೆಯನ್ನು ಫಾರ್ಮ್‌ನಿಂದಲೇ ತೆಗೆದುಹಾಕಿದೆ. ಈಗ ಗೇಟಿನಿಂದ ಹೋಗುವುದು ಒಂದೇ ಅಪ್‌ಡೇಟ್: ಇರುವುದರಲ್ಲಿ 40 ಕಳೆ, ಕನಿಷ್ಠ 40 ಇದ್ದರೆ ಮಾತ್ರ. ಎಷ್ಟು ಸಾಲು ಬದಲಾಯಿತು ಎಂದು ನೋಡುತ್ತೇನೆ. ಸೊನ್ನೆ ಬಂದರೆ ಅಷ್ಟು ಮಾಲು ಇಲ್ಲ ಎಂದರ್ಥ. ಇಬ್ಬರು ಒಟ್ಟಿಗೆ ಬಂದರೂ ಸಾಲಿಗೆ ಲಾಕ್ ಹಾಕಿ ಒಬ್ಬರಾದ ಮೇಲೆ ಒಬ್ಬರನ್ನು ಬಿಡುವುದು ಡೇಟಾಬೇಸಿನ ಕೆಲಸ.

ಗ್ರೇಡ್, ಷರಾ ಇವನ್ನು ಹೀಗೆ ಕೂಡಿ ಕಳೆಯಲು ಬರುವುದಿಲ್ಲ. ಅಲ್ಲಿ ವರ್ಷನ್ ಕಾಲಂ. ತೆರೆದಾಗ 7 ಇದ್ದರೆ, ಸೇವ್ ಮಾಡುವಾಗಲೂ 7 ಇದ್ದರೆ ಮಾತ್ರ ಬರೆದು 8 ಮಾಡು. ಅಪ್‌ಡೇಟ್ ಆದರೂ ಒಳಗಿನ ಮಾಹಿತಿ ಬದಲಾಗದ ಸಾಲನ್ನು ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಬದಲಾದ ಸಾಲು ಎಂದು ಎಣಿಸುವುದಿಲ್ಲ. ವರ್ಷನ್ ಪ್ರತಿ ಸಲ ಏರುವುದರಿಂದ ಆ ತಲೆನೋವೂ ಇಲ್ಲ.

ನಿಜವಾದ ಕೆಲಸ ಇರುವುದು ವರ್ಷನ್ ತಪ್ಪಿದಾಗ ಏನು ತೋರಿಸಬೇಕು ಎಂಬುದರಲ್ಲಿ. ಮೊದಲು 409 (ತಾಳೆಯಾಗಲಿಲ್ಲ ಎಂಬ ಎಚ್‌ಟಿಟಿಪಿ ಕೋಡ್) ಕೊಟ್ಟು, 'ಮತ್ತೆ ತೆರೆಯಿರಿ' ಎಂದು ಹಾಕಿದ್ದೆ. "ಸರ, ನಾ ಬರ್ದಿದ್ದೆಲ್ಲಾ ಹೋತೇನ್ರಿ?" ಎಂದು ಆಫೀಸಿನಿಂದ ಫೋನ್ ಬಂತು. ಕೇಳಿದ್ದು ಸರಿಯೇ. ಈಗ ಅವರು ಬರೆದದ್ದು ಎಡಕ್ಕೆ, ಡೇಟಾಬೇಸಿನಲ್ಲಿ ಇರುವುದು ಬಲಕ್ಕೆ. ಬೇರೆಯಾದ ಕಾಲಂ ಮಾತ್ರ ಹಳದಿ. ಆರಿಸಿ ಸೇವ್ ಮಾಡಿದರೆ ಆಯಿತು.

ಒಂದೇ ಲಾರಿಗೆ ಹಲವು ಲಾಟ್ ಹೊರಟರೆ ಡೆಡ್‌ಲಾಕ್ ಭಯ, ಅಂದರೆ ಒಬ್ಬರ ಲಾಕಿಗೆ ಇನ್ನೊಬ್ಬರು ಕಾಯುತ್ತಾ ಇಬ್ಬರೂ ನಿಂತುಬಿಡುವುದು. ಎಲ್ಲೆಡೆ ಲಾಟ್ ನಂಬರಿನ ಏರಿಕೆ ಕ್ರಮದಲ್ಲೇ ಅಪ್‌ಡೇಟ್ ಮಾಡುತ್ತೇನೆ. ಆದರೂ 1213 (ಡೆಡ್‌ಲಾಕ್) ಎರರ್ ಬಂದರೆ ಇಡೀ ಟ್ರಾನ್ಸಾಕ್ಷನ್ ಮೊದಲಿನಿಂದ ಓಡುತ್ತದೆ.

ನೆಟ್‌ವರ್ಕ್ ನಿಧಾನವಾದರೆ ಗೇಟಿನವರು ಬಟನ್ ಎರಡು ಸಲ ಒತ್ತುತ್ತಾರೆ. ಆಗ ಮೇಲಿನ ಯಾವುದೂ ಕಾಯುವುದಿಲ್ಲ, 40 ಎರಡು ಸಲ ಕಳೆಯುತ್ತದೆ. ಫಾರ್ಮ್ ತೆರೆದಾಗಲೇ ಒಂದು ಟೋಕನ್ ಕೊಟ್ಟು, ಅದೇ ಟೋಕನ್ ಎರಡು ಸಲ ಸೇರದಂತೆ ಯುನಿಕ್ ಇಂಡೆಕ್ಸ್ ಹಾಕಿ, ಕಳೆಯುವ ಟ್ರಾನ್ಸಾಕ್ಷನ್‌ನಲ್ಲೇ ಬರೆಯುತ್ತೇನೆ. ಎರಡನೇ ಸಲ ಬಂದದ್ದು ಅಲ್ಲೇ ಬೀಳುತ್ತದೆ, ಮೊದಲ ಗೇಟ್ ಪಾಸ್ ಅನ್ನೇ ಮತ್ತೆ ತೋರಿಸುತ್ತೇನೆ.